ಕಂಟ್ರೋಲ್+ಡಿ ಒತ್ತಿದರೆ ಏನಾಗುತ್ತದೆ? ಜಾವಾ ಬರೆಯುವವರು ಎಡಿಟರ್ ಆರಿಸುವ ಮೊದಲು

ಎರಡು ವರ್ಷದ ಹಿಂದಿನ ಕಾಫಿ ಕೊಯ್ಲು. ಸೋಮವಾರಪೇಟೆ ಹತ್ತಿರದ ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಹಾಕಿ ಅಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಲೆಕ್ಕಕ್ಕೆ ಒಂದು ಚಿಕ್ಕ ಜಾವಾ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಶನಿವಾರ ಬಟವಾಡೆ ಪಟ್ಟಿ ತೆಗೆದಾಗ ಅಪ್ಪ ಕನ್ನಡಕ ಏರಿಸಿ ನೋಡಿದರು. "ಒಬ್ಬಳೇ ಒಂದು ದಿನಕ್ಕೆ 240 ಕೆಜಿ ಕೊಯ್ದಿದ್ದಾಳೆ ಅಂತಿದೆಯಲ್ಲೋ. ಪುಸ್ತಕದಲ್ಲಿ 80 ಇದೆ."

ಸರಿಯಾಗಿ ಮೂರು ಪಟ್ಟು. ಆ ವಾರವಷ್ಟೇ ನಾನು ಎಕ್ಲಿಪ್ಸ್ ಅನ್ನುವ ಎಡಿಟರ್ (ಕೋಡ್ ಬರೆಯುವ ತಂತ್ರಾಂಶ) ಬಿಟ್ಟು ಇಂಟೆಲಿಜೆ ಐಡಿಯಾ ಅನ್ನುವ ಇನ್ನೊಂದನ್ನು ಹಾಕಿಕೊಂಡಿದ್ದೆ. ತೂಕ ಕೂಡಿಸುವ ಹಳೆಯ ಸಾಲು ಅಳಿಸಿ ಅದರ ಜಾಗದಲ್ಲಿ ಹೊಸದು ಬರೆಯಬೇಕಿತ್ತು. ಅಭ್ಯಾಸಬಲದಿಂದ ಕಂಟ್ರೋಲ್+ಡಿ ಒತ್ತಿದೆ. ಎಕ್ಲಿಪ್ಸ್‌ನಲ್ಲಿ ಅದು ಸಾಲನ್ನು ಅಳಿಸುತ್ತದೆ. ಇಂಟೆಲಿಜೆಯಲ್ಲಿ ಅದೇ ಸಾಲಿನ ಇನ್ನೊಂದು ನಕಲು ಮಾಡುತ್ತದೆ. ಪರದೆ ಸರಿಯಾಗಿ ನೋಡದೆ ಹೊಸ ಸಾಲು ಬರೆದು ಮುಗಿಸಿದೆ. ಹಳೆಯದು ಎರಡು, ಹೊಸದು ಒಂದು. ಒಂದೇ ತೂಕ ಮೂರು ಸಲ ಕೂಡಿತು.

ಕುಶಾಲನಗರ, ಪೊನ್ನಂಪೇಟೆ ಕಡೆ ಎಂಜಿನಿಯರಿಂಗ್ ಓದುವ ಹುಡುಗರು ಬಂದು "ಅಣ್ಣಾ, ಜಾವಾಗೆ ಯಾವ ಎಡಿಟರ್ ಒಳ್ಳೇದು?" ಅಂದಾಗ ನಾನು ಈ ಕಥೆಯಿಂದಲೇ ಶುರು ಮಾಡುತ್ತೇನೆ. ಸೌಲಭ್ಯಗಳ ಪಟ್ಟಿ ಇಟ್ಟುಕೊಂಡು ಹೋಲಿಸಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಎಲ್ಲದರಲ್ಲೂ ರೀನೇಮ್ ಇದೆ, ಎಲ್ಲದರಲ್ಲೂ ಡೀಬಗರ್ (ತಪ್ಪು ಹುಡುಕಲು ಪ್ರೋಗ್ರಾಂ ಅನ್ನು ಸಾಲು ಸಾಲಾಗಿ ಓಡಿಸಿ ನೋಡುವ ಸೌಲಭ್ಯ) ಇದೆ. ನಿಜವಾದ ವ್ಯತ್ಯಾಸ ಇರುವುದು ಬೆರಳಲ್ಲಿ. ನಿಮ್ಮ ಕೈಗೆ ಈಗಾಗಲೇ ಯಾವ ಅಭ್ಯಾಸ ಇದೆ, ನಿಮ್ಮ ಕೀಬೋರ್ಡಿನಲ್ಲಿ ಯಾವ ಕೀ ಇದೆ, ಯಾವುದು ಇಲ್ಲ, ಇದನ್ನು ನೋಡಿ ಆರಿಸಿದರೆ ಮುಂದೆ ಪೇಚಾಟ ಕಡಿಮೆ.

ಅಂದ ಹಾಗೆ ವಿಎಸ್ ಕೋಡ್ ಅನ್ನುವ ಮತ್ತೊಂದು ಎಡಿಟರ್‌ನಲ್ಲಿ ಕಂಟ್ರೋಲ್+ಡಿ ಮಾಡುವುದು ಮೂರನೆಯದೇ ಕೆಲಸ. ಆರಿಸಿದ ಪದ ಮುಂದೆ ಎಲ್ಲಿದೆಯೋ ಅದನ್ನೂ ಸೇರಿಸಿ ಆರಿಸುತ್ತದೆ. ಒಂದೇ ಕೀ, ಮೂರು ಊರಲ್ಲಿ ಮೂರು ಅರ್ಥ.

ಮೊದಲು ಒಂದು ಪಟ್ಟಿ

ಇದು ವಿಂಡೋಸ್‌ನಲ್ಲಿ ಯಾವುದನ್ನೂ ಬದಲಿಸದೆ ಇದ್ದಾಗಿನ ಲೆಕ್ಕ. ನೆಟ್‌ಬೀನ್ಸ್ ಅನ್ನುವ ನಾಲ್ಕನೆಯ ಎಡಿಟರನ್ನೂ ಸೇರಿಸಿದ್ದೇನೆ. ಮ್ಯಾಕ್‌ನ ಕೀಗಳು ಬೇರೆ, ಅದಕ್ಕೆ ಇಲ್ಲಿ ಕೈ ಹಾಕುತ್ತಿಲ್ಲ.

| ಕೆಲಸ | ಇಂಟೆಲಿಜೆ | ಎಕ್ಲಿಪ್ಸ್ | ವಿಎಸ್ ಕೋಡ್ | ನೆಟ್‌ಬೀನ್ಸ್ |
|---|---|---|---|---|
| ಸಾಲು ಅಳಿಸಲು | ಕಂಟ್ರೋಲ್+ವೈ | ಕಂಟ್ರೋಲ್+ಡಿ | ಕಂಟ್ರೋಲ್+ಶಿಫ್ಟ್+ಕೆ | ಕಂಟ್ರೋಲ್+ಇ |
| ಸಾಲು ನಕಲಿಸಲು | ಕಂಟ್ರೋಲ್+ಡಿ | ಕಂಟ್ರೋಲ್+ಆಲ್ಟ್+ಕೆಳಬಾಣ | ಶಿಫ್ಟ್+ಆಲ್ಟ್+ಕೆಳಬಾಣ | ಕಂಟ್ರೋಲ್+ಶಿಫ್ಟ್+ಕೆಳಬಾಣ |
| ಕ್ಲಾಸ್ ಹುಡುಕಲು | ಕಂಟ್ರೋಲ್+ಎನ್ | ಕಂಟ್ರೋಲ್+ಶಿಫ್ಟ್+ಟಿ | ಕಂಟ್ರೋಲ್+ಟಿ | ಕಂಟ್ರೋಲ್+ಒ |
| ತಪ್ಪಿಗೆ ಪರಿಹಾರ ಕೇಳಲು | ಆಲ್ಟ್+ಎಂಟರ್ | ಕಂಟ್ರೋಲ್+1 | ಕಂಟ್ರೋಲ್+ಚುಕ್ಕೆ | ಆಲ್ಟ್+ಎಂಟರ್ |
| ಹೆಸರು ಬದಲಿಸಲು | ಶಿಫ್ಟ್+ಎಫ್6 | ಆಲ್ಟ್+ಶಿಫ್ಟ್+ಆರ್ | ಎಫ್2 | ಕಂಟ್ರೋಲ್+ಆರ್ |
| ಇಂಪೋರ್ಟ್ ಜೋಡಿಸಲು | ಕಂಟ್ರೋಲ್+ಆಲ್ಟ್+ಒ | ಕಂಟ್ರೋಲ್+ಶಿಫ್ಟ್+ಒ | ಶಿಫ್ಟ್+ಆಲ್ಟ್+ಒ | ಕಂಟ್ರೋಲ್+ಶಿಫ್ಟ್+ಐ |
| ಕೋಡ್ ಓರಣ ಮಾಡಲು | ಕಂಟ್ರೋಲ್+ಆಲ್ಟ್+ಎಲ್ | ಕಂಟ್ರೋಲ್+ಶಿಫ್ಟ್+ಎಫ್ | ಶಿಫ್ಟ್+ಆಲ್ಟ್+ಎಫ್ | ಆಲ್ಟ್+ಶಿಫ್ಟ್+ಎಫ್ |
| ರನ್ ಮಾಡಲು | ಶಿಫ್ಟ್+ಎಫ್10 | ಕಂಟ್ರೋಲ್+ಎಫ್11 | ಕಂಟ್ರೋಲ್+ಎಫ್5 | ಎಫ್6 |
| ಡೀಬಗ್: ಮುಂದಿನ ಸಾಲಿಗೆ | ಎಫ್8 | ಎಫ್6 | ಎಫ್10 | ಎಫ್8 |
| ಡೀಬಗ್: ಮೆಥಡ್ ಒಳಗೆ | ಎಫ್7 | ಎಫ್5 | ಎಫ್11 | ಎಫ್7 |
| ಡೀಬಗ್: ಓಡಲು ಬಿಡಲು | ಎಫ್9 | ಎಫ್8 | ಎಫ್5 | ಎಫ್5 |

ಪಟ್ಟಿಯ ಕೊನೆಯ ಮೂರು ಸಾಲು ಸ್ವಲ್ಪ ನಿಧಾನವಾಗಿ ನೋಡಿ. ಎರಡು ಎಡಿಟರ್ ಒಟ್ಟಿಗೆ ಬಳಸುವವರಿಗೆ ಪೆಟ್ಟು ಬೀಳುವುದು ಅಲ್ಲೇ. ಇಂಟೆಲಿಜೆಯಲ್ಲಿ ಎಫ್8 ಒಂದು ಸಾಲು ಮುಂದೆ ಹೋಗುತ್ತದೆ. ಎಕ್ಲಿಪ್ಸ್‌ನಲ್ಲಿ ಅದೇ ಎಫ್8 ಪ್ರೋಗ್ರಾಂ ಅನ್ನು ಪೂರ್ತಿ ಓಡಲು ಬಿಡುತ್ತದೆ. ಅರ್ಧ ಗಂಟೆ ಕಾದು ಸರಿಯಾದ ಜಾಗಕ್ಕೆ ಬಂದು ನಿಂತಿರುತ್ತೀರಿ. ಒಂದು ತಪ್ಪು ಒತ್ತು, ಹಕ್ಕಿ ಹಾರಿತು. ಮತ್ತೆ ಮೊದಲಿಂದ. ಸಾಲು ನಕಲಾದರೆ ಕಂಟ್ರೋಲ್+ಝಡ್ ಇದೆ, ಡೀಬಗರ್‌ನಲ್ಲಿ ಕೈ ತಪ್ಪಿದರೆ ವಾಪಸ್ ಬರುವುದು ಅಷ್ಟು ಸುಲಭ ಇಲ್ಲ.

ಇನ್ನೊಂದು ತಮಾಷೆ: ಶಿಫ್ಟ್+ಎಫ್6 ಇಂಟೆಲಿಜೆಯಲ್ಲಿ ಹೆಸರು ಬದಲಿಸುತ್ತದೆ, ನೆಟ್‌ಬೀನ್ಸ್‌ನಲ್ಲಿ ತೆರೆದಿರುವ ಫೈಲನ್ನು ಓಡಿಸುತ್ತದೆ. ಕಂಟ್ರೋಲ್+ಡಬ್ಲ್ಯೂ ಇಂಟೆಲಿಜೆಯಲ್ಲಿ ಆಯ್ಕೆಯನ್ನು ದೊಡ್ಡದು ಮಾಡುತ್ತದೆ, ಎಕ್ಲಿಪ್ಸ್ ಮತ್ತು ವಿಎಸ್ ಕೋಡ್‌ನಲ್ಲಿ ಫೈಲನ್ನೇ ಮುಚ್ಚಿಬಿಡುತ್ತದೆ.

ಇಂಟೆಲಿಜೆ: ಎರಡೇ ಕೀಯಲ್ಲಿ ಸಂಸಾರ

ನಾನು ಈಗ ಇದನ್ನೇ ಬಳಸುತ್ತೇನೆ, ಹಾಗಾಗಿ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. 2001ರಲ್ಲಿ ಬಂದ ಎಡಿಟರ್ ಇದು. 2009ರಿಂದ ಇದರ ಮುಕ್ತ ಆವೃತ್ತಿಯೂ ಇದೆ. ಕಲಿಯುವವರಿಗೆ, ಸಾಮಾನ್ಯ ಜಾವಾ ಕೆಲಸಕ್ಕೆ ದುಡ್ಡು ಕೊಡದೆ ಸಿಗುವುದೇ ಧಾರಾಳ ಸಾಕು.

ಇದರಲ್ಲಿ ಆಲ್ಟ್+ಎಂಟರ್ ಒಂದು ಕಲಿತರೆ ಅರ್ಧ ಕೆಲಸ ಆಯಿತು. ಕ್ಲಾಸ್ ಹೆಸರು ಬರೆದಿರಿ, ಇಂಪೋರ್ಟ್ ಇಲ್ಲ, ಕೆಂಪಗೆ ಕಾಣುತ್ತಿದೆ. ಆಲ್ಟ್+ಎಂಟರ್, ಇಂಪೋರ್ಟ್ ಬಂತು. ಇನ್ನೂ ಬರೆಯದ ಮೆಥಡ್ ಒಂದನ್ನು ಕರೆದಿರಿ. ಆಲ್ಟ್+ಎಂಟರ್, "ಈ ಮೆಥಡ್ ಮಾಡಿಕೊಡಲಾ?" ಅಂತ ಕೇಳುತ್ತದೆ. ಕಳಿಸುವ ಮೌಲ್ಯಗಳನ್ನು ನೋಡಿ ಅವುಗಳ ಟೈಪ್ ಅದೇ ಹಾಕಿಕೊಳ್ಳುತ್ತದೆ. ಹೀಗೆ ಮೇಲಿನ ಹಂತದ ಕೋಡ್ ಮೊದಲು ಬರೆದು, ಒಳಗಿನ ಮೆಥಡ್‌ಗಳನ್ನು ಆಮೇಲೆ ಹುಟ್ಟಿಸಬಹುದು. ಬಟವಾಡೆ ಪ್ರೋಗ್ರಾಂನಲ್ಲಿ "ತೂಕ ಕೂಡಿಸು, ದರದಿಂದ ಗುಣಿಸು, ಮುಂಗಡ ಕಳೆ" ಅಂತ ಮೂರು ಕರೆ ಬರೆದು, ಒಂದೊಂದರ ಮೇಲೂ ಆಲ್ಟ್+ಎಂಟರ್ ಒತ್ತುತ್ತಾ ಹೋದೆ. ಯೋಚನೆ ಎಲ್ಲೂ ತುಂಡಾಗಲಿಲ್ಲ.

ಎರಡನೆಯದು ಶಿಫ್ಟ್. ಅದನ್ನೇ ಎರಡು ಸಲ ಟಕಟಕ ಒತ್ತಿ. ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಕ್ಲಾಸ್, ಫೈಲ್, ಮೆಥಡ್, ಮೆನುವಿನಲ್ಲಿರುವ ಆಜ್ಞೆ, ಎಲ್ಲವೂ ಅಲ್ಲೇ ಸಿಗುತ್ತವೆ. ಆಜ್ಞೆ ಹುಡುಕಿದಾಗ ಅದರ ಪಕ್ಕದಲ್ಲೇ ಶಾರ್ಟ್‌ಕಟ್ ಕೂಡ ಬರೆದಿರುತ್ತದೆ. ನಾಲ್ಕು ಸಲ ಹುಡುಕುವಷ್ಟರಲ್ಲಿ ಐದನೇ ಸಲಕ್ಕೆ ಕೀ ತಾನಾಗೇ ನೆನಪಿರುತ್ತದೆ. ಬರೀ ಆಜ್ಞೆಗಳೇ ಬೇಕಿದ್ದರೆ ಕಂಟ್ರೋಲ್+ಶಿಫ್ಟ್+ಎ.

ಕೋಡ್ ಒಡೆದು ಜೋಡಿಸುವ ಕೀಗಳಿಗೆ ಇಲ್ಲಿ ಒಂದು ಕ್ರಮ ಇದೆ. ಕಂಟ್ರೋಲ್+ಆಲ್ಟ್ ಹಿಡಿದು ವಿ ಒತ್ತಿದರೆ ವೇರಿಯಬಲ್, ಎಂ ಒತ್ತಿದರೆ ಮೆಥಡ್, ಸಿ ಒತ್ತಿದರೆ ಕಾನ್‌ಸ್ಟಂಟ್, ಎಫ್ ಒತ್ತಿದರೆ ಫೀಲ್ಡ್. ಉದ್ದದ ಮೆಥಡ್‌ನಲ್ಲಿ ಹತ್ತು ಸಾಲು ಆರಿಸಿ ಕಂಟ್ರೋಲ್+ಆಲ್ಟ್+ಎಂ ಒತ್ತಿ ನೋಡಿ. ಬೇಕಾದ ವೇರಿಯಬಲ್‌ಗಳನ್ನು ತಾನೇ ಪ್ಯಾರಾಮೀಟರ್ ಮಾಡಿ ಹೊಸ ಮೆಥಡ್ ಕಟ್ಟುತ್ತದೆ. ಆ ಹತ್ತು ಸಾಲು ಆರಿಸಲೂ ಮೌಸ್ ಬೇಡ. ಕಂಟ್ರೋಲ್+ಡಬ್ಲ್ಯೂ ಒತ್ತುತ್ತಾ ಹೋದರೆ ಪದ, ಆಮೇಲೆ ಪೂರ್ತಿ ಸಾಲು, ಆಮೇಲೆ ಬ್ಲಾಕ್, ಹೀಗೆ ಬೆಳೆಯುತ್ತದೆ. ಜಾಸ್ತಿ ಆಯಿತಾ? ಕಂಟ್ರೋಲ್+ಶಿಫ್ಟ್+ಡಬ್ಲ್ಯೂ, ಒಂದು ಹೆಜ್ಜೆ ಹಿಂದೆ.

ಇನ್ನೊಂದು ನನಗೆ ಬಹಳ ಇಷ್ಟ. ಯಾವುದಾದರೂ ಅಭಿವ್ಯಕ್ತಿ ಬರೆದು ಅದರ ಕೊನೆಗೆ ಚುಕ್ಕೆ ಇಟ್ಟು ವಿ ಎ ಆರ್ ಅಂತ ಬರೆದು ಟ್ಯಾಬ್ ಒತ್ತಿ. ಇಡೀ ಸಾಲು ವೇರಿಯಬಲ್ ಆಗಿ ತಿರುಗುತ್ತದೆ, ಟೈಪ್ ಸಮೇತ. ಹಾಗೆಯೇ ಪಟ್ಟಿಯ ಹೆಸರಿನ ಮುಂದೆ ಚುಕ್ಕೆ ಮತ್ತು ಎಫ್ ಒ ಆರ್ ಬರೆದರೆ ಲೂಪ್ ಸಿದ್ಧ. ಸಾಲಿನ ಮೊದಲಿಗೆ ಹಿಂದೆ ಹೋಗುವ ಕೆಲಸವೇ ಇಲ್ಲ.

ಪ್ರಿಂಟ್ ಸಾಲಿಗೆ ಎಸ್ ಒ ಯು ಟಿ ಬರೆದು ಟ್ಯಾಬ್. ಇದನ್ನು ನಮ್ಮ ಹುಡುಗರು "ಸೌಟು" ಅಂತಲೇ ಕರೆಯುತ್ತಾರೆ. "ಅಣ್ಣಾ, ಇಲ್ಲೊಂದು ಸೌಟು ಹಾಕಿ ನೋಡೋಣ್ವಾ?" ಅಂದರೆ ಬೆಲೆ ಎಷ್ಟು ಬಂದಿದೆ ಅಂತ ಪ್ರಿಂಟ್ ಮಾಡಿ ನೋಡೋಣ ಅಂತ ಅರ್ಥ. ಸೌಟು ನೆಟ್‌ಬೀನ್ಸ್‌ನಲ್ಲೂ ಟ್ಯಾಬ್ ಒತ್ತಿದರೆ ನಡೆಯುತ್ತದೆ. ಎಕ್ಲಿಪ್ಸ್‌ನಲ್ಲಿ ಎಸ್ ವೈ ಎಸ್ ಒ ಬರೆದು ಕಂಟ್ರೋಲ್+ಸ್ಪೇಸ್.

ಕೊರತೆ ಇಲ್ಲವೇ? ಇದೆ. ಯಂತ್ರ ಗಟ್ಟಿ ಇರಬೇಕು. 8 ಜಿಬಿ ರ್‍ಯಾಮ್ ಇದ್ದರೆ ನಡೆಯುತ್ತದೆ, 16 ಇದ್ದರೆ ಆರಾಮ. ಅಣ್ಣನ ಹಳೆಯ 4 ಜಿಬಿ ಲ್ಯಾಪ್‌ಟಾಪ್ ಸಿಕ್ಕಿದೆ ಅನ್ನುವವರು ಇದಕ್ಕೆ ಆಸೆ ಪಡಬೇಡಿ, ಸುಮ್ನೆ ಬೇಜಾರಾಗುತ್ತದೆ.

ಎಕ್ಲಿಪ್ಸ್: ಹಳೆಯ ಮನೆ, ಗಟ್ಟಿ ಕಂಬ

2001ರ ನವೆಂಬರ್‌ನಲ್ಲಿ ಐಬಿಎಂ ಇದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. 2004ರಿಂದ ಎಕ್ಲಿಪ್ಸ್ ಫೌಂಡೇಶನ್ ನೋಡಿಕೊಳ್ಳುತ್ತಿದೆ. ಹಳೆಯದು ಅಂತ ಮೂಗು ಮುರಿಯುವವರು ಇದ್ದಾರೆ. ನಾನು ಹತ್ತು ವರ್ಷ ಅನ್ನ ತಿಂದ ಮನೆ, ಹಗುರವಾಗಿ ಮಾತಾಡಲಾರೆ.

ಇಲ್ಲಿ ಆಲ್ಟ್+ಎಂಟರ್‌ನ ಜಾಗದಲ್ಲಿ ಕಂಟ್ರೋಲ್+1. ಎರಡು ಸಲ ಶಿಫ್ಟ್ ಒತ್ತುವ ಜಾಗದಲ್ಲಿ ಕಂಟ್ರೋಲ್+3. ಒಂದು ಮೆಥಡ್ ಕರೆದು, ಅದರ ಉತ್ತರ ಇಟ್ಟುಕೊಳ್ಳಲು ವೇರಿಯಬಲ್ ಬೇಕಾದರೆ ಕಂಟ್ರೋಲ್+2 ಒತ್ತಿ ಬಿಟ್ಟು, ಎಲ್ ಒತ್ತಿ. ಇದು ಕೈಗೆ ಹತ್ತಿದ ಮೇಲೆ ಬಿಡುವುದು ಕಷ್ಟ.

ಕಂಟ್ರೋಲ್+ಒ ಒತ್ತಿದರೆ ತೆರೆದಿರುವ ಕ್ಲಾಸಿನ ಮೆಥಡ್‌ಗಳೆಲ್ಲ ಚಿಕ್ಕ ಪೆಟ್ಟಿಗೆಯಲ್ಲಿ. ಇನ್ನೊಮ್ಮೆ ಒತ್ತಿದರೆ ಮೇಲಿನ ಕ್ಲಾಸಿನಿಂದ ಬಂದವೂ ಕಾಣುತ್ತವೆ. ಇಂಟರ್‌ಫೇಸ್‌ನ ಮೆಥಡ್ ಮೇಲೆ ಕಂಟ್ರೋಲ್+ಟಿ ಒತ್ತಿದರೆ ಅದನ್ನು ಯಾರ್‍ಯಾರು ಬರೆದಿದ್ದಾರೆ, ಅಂದರೆ ಯಾವ್ಯಾವ ಕ್ಲಾಸಿನಲ್ಲಿ ಅದು ಇದೆ ಅಂತ ಪಟ್ಟಿ. ಹಳೆಯ, ದೊಡ್ಡ ಪ್ರಾಜೆಕ್ಟ್ ಓದಿ ಅರ್ಥ ಮಾಡಿಕೊಳ್ಳುವ ಕೆಲಸ ಬಂದರೆ ಈ ಎರಡು ಕೀ, ಜೊತೆಗೆ ಯಾವ ಮೆಥಡ್ ಯಾವುದನ್ನು ಕರೆಯುತ್ತದೆ ಅಂತ ತೋರಿಸುವ ಕಂಟ್ರೋಲ್+ಆಲ್ಟ್+ಎಚ್, ಇಷ್ಟಿದ್ದರೆ ಸಾಕು.

ಕೀ ಮರೆತರೆ ಕಂಟ್ರೋಲ್+ಶಿಫ್ಟ್+ಎಲ್ ಒತ್ತಿ. ಆ ಹೊತ್ತಿಗೆ ನಡೆಯುವ ಶಾರ್ಟ್‌ಕಟ್‌ಗಳೆಲ್ಲ ಮೂಲೆಯಲ್ಲಿ ಪಟ್ಟಿಯಾಗಿ ಬರುತ್ತವೆ. ಹೊಸಬರಿಗೆ ಇದು ದೊಡ್ಡ ಉಪಕಾರ. ಗೆಟರ್, ಸೆಟರ್ (ಫೀಲ್ಡಿನ ಮೌಲ್ಯ ಓದುವ, ಬದಲಿಸುವ ಮೆಥಡ್) ಬೇಕಾದರೆ ಆಲ್ಟ್+ಶಿಫ್ಟ್+ಎಸ್ ಒತ್ತಿ, ಮೆನು ಬಂದ ಮೇಲೆ ಆರ್.

ಒಂದು ಎಚ್ಚರಿಕೆ. ಸಾಲು ನಕಲಿಸುವ ಕಂಟ್ರೋಲ್+ಆಲ್ಟ್+ಕೆಳಬಾಣ ಇದೆಯಲ್ಲ, ಇಂಟೆಲ್ ಗ್ರಾಫಿಕ್ಸ್ ಇರುವ ಹಳೆಯ ವಿಂಡೋಸ್ ಯಂತ್ರಗಳಲ್ಲಿ ಅದು ಪರದೆಯನ್ನೇ ತಲೆಕೆಳಗು ಮಾಡುತ್ತದೆ. ಕಂಪ್ಯೂಟರ್ ಹಾಳಾಯಿತು ಅಂತ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ಲ್ಯಾಪ್‌ಟಾಪನ್ನೇ ಉಲ್ಟಾ ಹಿಡಿದು ಓದುತ್ತಿದ್ದನಂತೆ. ಕಂಟ್ರೋಲ್+ಆಲ್ಟ್+ಮೇಲ್ಬಾಣ ಒತ್ತಿದರೆ ಸರಿಹೋಗುತ್ತದೆ. ಶಾಶ್ವತವಾಗಿ ಬೇಡ ಅಂದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಹಾಟ್ ಕೀ ಆಫ್ ಮಾಡಿ.

ವಿಎಸ್ ಕೋಡ್: ಒಳಗಿರುವುದು ಅದೇ ಎಕ್ಲಿಪ್ಸ್

2015ರಲ್ಲಿ ಬಂದದ್ದು, ಇವತ್ತು ಎಲ್ಲರ ಲ್ಯಾಪ್‌ಟಾಪಿನಲ್ಲೂ ಇದೆ. ಪೈಥಾನ್‌ಗೂ ಇದೇ, ವೆಬ್ ಪುಟಕ್ಕೂ ಇದೇ. ಆದರೆ ಜಾವಾ ತಾನಾಗೇ ಬರುವುದಿಲ್ಲ, ಜಾವಾ ಎಕ್ಸ್‌ಟೆನ್ಶನ್ ಪ್ಯಾಕ್ ಹಾಕಿಕೊಳ್ಳಬೇಕು. ಅದರೊಳಗೆ ಕೋಡ್ ಓದಿ ಅರ್ಥ ಮಾಡಿಕೊಳ್ಳುವ ಭಾಗ ರೆಡ್ ಹ್ಯಾಟ್‌ನದು, ಮತ್ತು ಅದು ನಿಂತಿರುವುದು ಎಕ್ಲಿಪ್ಸ್‌ನ ಜಾವಾ ಎಂಜಿನ್ ಮೇಲೆ. ಹಾಗಾಗಿ "ಎಕ್ಲಿಪ್ಸ್ ಹಳೇದು, ನಾನು ವಿಎಸ್ ಕೋಡ್" ಅನ್ನುವವರನ್ನು ಕಂಡಾಗ ನನಗೆ ಒಳಗೊಳಗೇ ನಗು.

ಇದರಿಂದ ಒಂದು ತಿಳಿಯಬೇಕು. ವಿಎಸ್ ಕೋಡ್ ಹಗುರ ಅನ್ನುವ ಮಾತು ಖಾಲಿ ಎಡಿಟರ್‌ಗೆ ನಿಜ. ಜಾವಾ ಪ್ರಾಜೆಕ್ಟ್ ತೆರೆದ ಮೇಲೆ ಆ ಎಂಜಿನ್ ಕೂಡ ಹಿಂದೆ ಓಡುತ್ತಿರುತ್ತದೆ, ಅದಕ್ಕೂ ಮೆಮೊರಿ ಬೇಕು.

ಕೀಗಳ ವಿಷಯದಲ್ಲಿ ಇದರ ಬಲ ಇರುವುದು ಒಟ್ಟಿಗೆ ಹಲವು ಕಡೆ ಬರೆಯುವುದರಲ್ಲಿ. ಒಂದು ಪದದ ಮೇಲೆ ನಿಂತು ಕಂಟ್ರೋಲ್+ಡಿ ನಾಲ್ಕು ಸಲ ಒತ್ತಿದರೆ ನಾಲ್ಕು ಕರ್ಸರ್. ಟೈಪ್ ಮಾಡಿದ್ದು ನಾಲ್ಕೂ ಕಡೆ ಬೀಳುತ್ತದೆ. ಇಂಟೆಲಿಜೆಯಲ್ಲಿ ಈ ಕೆಲಸಕ್ಕೆ ಆಲ್ಟ್+ಜೆ. ಆದರೆ ವೇರಿಯಬಲ್ ಹೆಸರು ಬದಲಿಸಲು ಮಾತ್ರ ಇದನ್ನು ಬಳಸಬೇಡಿ. ಕಂಟ್ರೋಲ್+ಡಿ ನೋಡುವುದು ಅಕ್ಷರವನ್ನು, ಅರ್ಥವನ್ನಲ್ಲ. ಬೇರೆ ಮೆಥಡ್‌ನಲ್ಲಿ ಅದೇ ಹೆಸರಿನ ಬೇರೆ ವೇರಿಯಬಲ್ ಇದ್ದರೆ ಅದೂ ಬದಲಾಗುತ್ತದೆ. ಹೆಸರಿಗೆ ಎಫ್2.

ಉಳಿದಂತೆ ಕಂಟ್ರೋಲ್+ಪಿ ಫೈಲಿಗೆ, ಕಂಟ್ರೋಲ್+ಶಿಫ್ಟ್+ಪಿ ಎಲ್ಲಾ ಆಜ್ಞೆಗಳಿಗೆ, ಎಫ್12 ಮೂಲಕ್ಕೆ ಹೋಗಲು, ಆಲ್ಟ್+ಎಫ್12 ಇದ್ದಲ್ಲೇ ಇಣುಕಿ ನೋಡಲು. ಆ ಇಣುಕು ಕಿಟಕಿ ಚೆನ್ನಾಗಿದೆ, ಬಳಸಿ.

ನೆಟ್‌ಬೀನ್ಸ್ ಬಗ್ಗೆ ಎರಡು ಮಾತು ಸಾಕು. 1996ರಲ್ಲಿ ಪ್ರಾಗ್‌ನ ವಿದ್ಯಾರ್ಥಿಗಳು ಶುರು ಮಾಡಿದ್ದು, ಸನ್ ಕೈಯಿಂದ ಒರಾಕಲ್ ಕೈಗೆ ಹೋಗಿ, ಈಗ ಅಪಾಚೆ ಸಂಸ್ಥೆಯಲ್ಲಿದೆ. ಲ್ಯಾಬಿನಲ್ಲಿ ಹಾಕಿಟ್ಟಿದ್ದರೆ ಬಳಸಿ, ಕೆಟ್ಟದ್ದೇನಲ್ಲ. ಮುಂದೆ ಇಂಟೆಲಿಜೆಗೆ ಹೋಗುವವರಿಗೆ ಒಂದು ಲಾಭವೂ ಇದೆ: ಆಲ್ಟ್+ಎಂಟರ್, ಆಲ್ಟ್+ಇನ್‌ಸರ್ಟ್, ಆಲ್ಟ್+ಎಫ್7, ಡೀಬಗರ್‌ನ ಎಫ್7, ಎಫ್8, ಇವೆಲ್ಲ ಎರಡರಲ್ಲೂ ಒಂದೇ ಕೆಲಸಕ್ಕೆ. ಇಂಟೆಲಿಜೆಯ ಕಂಪನಿ ಹುಟ್ಟಿದ್ದೂ ಪ್ರಾಗ್‌ನಲ್ಲೇ, ಅದು ಬೇರೆ ಮಾತು.

ಕೀಬೋರ್ಡ್ ನೋಡಿ, ಆಮೇಲೆ ಎಡಿಟರ್

ಇದನ್ನು ಯಾರೂ ಹೇಳುವುದಿಲ್ಲ. ಶಾರ್ಟ್‌ಕಟ್ ಪಟ್ಟಿ ಬರೆಯುವವರ ಹತ್ತಿರ ದೊಡ್ಡ ಕೀಬೋರ್ಡ್ ಇರುತ್ತದೆ. ನಮ್ಮ ಹುಡುಗರ ಹತ್ತಿರ 14 ಇಂಚಿನ ಲ್ಯಾಪ್‌ಟಾಪ್.

ಮೊದಲನೆಯದು ಇನ್‌ಸರ್ಟ್ ಕೀ. ಇಂಟೆಲಿಜೆಯಲ್ಲಿ ಕನ್‌ಸ್ಟ್ರಕ್ಟರ್, ಗೆಟರ್ ಎಲ್ಲಕ್ಕೂ ಆಲ್ಟ್+ಇನ್‌ಸರ್ಟ್ ಬೇಕು. ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಇರುವುದೇ ಇಲ್ಲ, ಇದ್ದರೂ ಎಫ್‌ಎನ್ ಹಿಡಿದು ಒತ್ತಬೇಕು. ಸೆಟ್ಟಿಂಗ್ಸ್‌ನಲ್ಲಿ ಕೀಮ್ಯಾಪ್ (ಯಾವ ಕೀಗೆ ಯಾವ ಕೆಲಸ ಅನ್ನುವ ಪಟ್ಟಿ) ತೆರೆದು, ಜನರೇಟ್ ಅಂತ ಹುಡುಕಿ, ಅದಕ್ಕೆ ಕೈಗೆ ಸಿಗುವ ಇನ್ನೊಂದು ಜೋಡಿ ಕೊಡಿ. ಹಳೆಯದನ್ನು ತೆಗೆಯಬೇಕಿಲ್ಲ, ಎರಡೂ ಇರಬಹುದು.

ಎರಡನೆಯದು ಮೇಲಿನ ಎಫ್ ಸಾಲು. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಫ್8 ಒತ್ತಿದರೆ ಸದ್ದೋ ಬೆಳಕೋ ಬದಲಾಗುತ್ತದೆ. ಎಫ್‌ಎನ್ ಲಾಕ್ ಇದ್ದರೆ ಹಾಕಿಕೊಳ್ಳಿ, ಕೆಲವು ಕಂಪನಿಯವು ಬಯಾಸ್ (ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಒಳಗೆ ಹೋಗಿ ಬದಲಿಸಬೇಕು. ಅದು ಆಗದಿದ್ದರೆ ಡೀಬಗ್ ಮಾಡುವುದು ದಿನಾ ಕಿರಿಕಿರಿ.

ಮೂರನೆಯದು ಕನ್ನಡ ಟೈಪ್ ಮಾಡುವವರ ಕಷ್ಟ. ವಿಂಡೋಸ್‌ನಲ್ಲಿ ಇಂಗ್ಲಿಷ್ ಜೊತೆ ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದರೆ ಎಡಗಡೆಯ ಆಲ್ಟ್+ಶಿಫ್ಟ್ ಭಾಷೆ ಬದಲಿಸುತ್ತದೆ. ಎಕ್ಲಿಪ್ಸ್‌ನ ಅರ್ಧ ಶಾರ್ಟ್‌ಕಟ್ ಶುರುವಾಗುವುದೇ ಆಲ್ಟ್+ಶಿಫ್ಟ್‌ನಿಂದ. ಹೆಸರು ಬದಲಿಸಲು ಆಲ್ಟ್+ಶಿಫ್ಟ್ ಹಿಡಿದು, ಆರ್ ಒತ್ತುವ ಮೊದಲೇ ಬೆರಳು ಎತ್ತಿದಿರೋ, ಕೋಡ್ ಮಧ್ಯೆ ಕನ್ನಡ ಅಕ್ಷರ ಉದುರಲು ಶುರು. ಅದಕ್ಕಿಂತ ಮೋಜಿನ ಸಂಗತಿ ಏನೆಂದರೆ, ಜಾವಾ ಕನ್ನಡ ಅಕ್ಷರದ ವೇರಿಯಬಲ್ ಹೆಸರನ್ನು ಒಪ್ಪುತ್ತದೆ. "ತೂಕ" ಅಂತಲೇ ಹೆಸರಿಡಬಹುದು, ಕಂಪೈಲರ್ ತಕರಾರು ಮಾಡುವುದಿಲ್ಲ. ಹಾಗಾಗಿ ಉದುರಿದ ಅಕ್ಷರ ಹೆಸರಿನೊಳಗೆ ಸೇರಿದ್ದರೆ "ಇಂಥ ಹೆಸರು ಗೊತ್ತಿಲ್ಲ" ಅಂತಷ್ಟೇ ಬರುತ್ತದೆ, ಕಾರಣ ಹುಡುಕಲು ಹೊತ್ತಾಗುತ್ತದೆ. ಪರಿಹಾರ ಸುಲಭ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್ ವಿಭಾಗದ ಒಳಗೆ, ಕೀಬೋರ್ಡಿನ ಮುಂದುವರಿದ ಸೆಟ್ಟಿಂಗ್ ತೆರೆದು, ಭಾಷೆ ಬದಲಿಸುವ ಹಾಟ್ ಕೀಯಿಂದ ಆಲ್ಟ್+ಶಿಫ್ಟ್ ತೆಗೆದುಹಾಕಿ. ಭಾಷೆ ಬದಲಿಸಲು ವಿಂಡೋಸ್+ಸ್ಪೇಸ್ ಇದ್ದೇ ಇದೆ.

ಲಿನಕ್ಸ್‌ನವರಿಗೆ ಬೇರೆ ರಗಳೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಕಂಟ್ರೋಲ್+ಆಲ್ಟ್+ಎಲ್ ಒತ್ತಿದರೆ ಕೋಡ್ ಓರಣ ಆಗುವ ಬದಲು ಪರದೆ ಲಾಕ್ ಆಗುತ್ತದೆ. ವಿಎಸ್ ಕೋಡ್‌ನ ಕಂಟ್ರೋಲ್+ಚುಕ್ಕೆಯನ್ನು ಐಬಸ್ (ಬೇರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳುವ ತಂತ್ರಾಂಶ) ನಡುವೆಯೇ ಹಿಡಿದು ಎಮೋಜಿಗೆ ಬಳಸಿಕೊಳ್ಳುವುದುಂಟು; ಐಬಸ್ ಸೆಟ್ಟಿಂಗ್‌ನಲ್ಲಿ ಎಮೋಜಿ ಕೀ ಅಳಿಸಿದರೆ ಎಡಿಟರ್‌ಗೆ ಸಿಗುತ್ತದೆ. ಕೋಡ್ ಓರಣ ಮಾಡುವ ಕೀ ಕೂಡ ಲಿನಕ್ಸ್‌ನ ವಿಎಸ್ ಕೋಡ್‌ನಲ್ಲಿ ಬೇರೆ, ಕಂಟ್ರೋಲ್+ಶಿಫ್ಟ್+ಐ.

ಕರೆಂಟ್ ಹೋದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕರೆಂಟಿನ ಭರವಸೆ ಇಲ್ಲ. ಗಾಳಿಗೆ ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಹೋದರೂ ಹೋಯಿತು. ಲ್ಯಾಪ್‌ಟಾಪ್ ಇದ್ದವರು ಬಚಾವ್. ಡೆಸ್ಕ್‌ಟಾಪ್ ಇಟ್ಟುಕೊಂಡು ಯುಪಿಎಸ್ ಬ್ಯಾಟರಿ ಸತ್ತವರಿಗೆ ಕಂಟ್ರೋಲ್+ಎಸ್ ದೊಡ್ಡ ವಿಷಯ.

ಇಂಟೆಲಿಜೆ ತಾನಾಗೇ ಸೇವ್ ಮಾಡುತ್ತಾ ಇರುತ್ತದೆ, ಆ ಕೀಯನ್ನು ಮರೆತೇ ಬಿಡಬಹುದು. ಹಳೆಯ ರೂಪ ಬೇಕಾದರೆ ಲೋಕಲ್ ಹಿಸ್ಟರಿ ಅಂತ ಮೆನುವಿನಲ್ಲಿದೆ. ವಿಎಸ್ ಕೋಡ್‌ನಲ್ಲಿ ತಾನಾಗೇ ಸೇವ್ ಆಗುವುದು ಮೊದಲಿಗೆ ಆಫ್ ಇರುತ್ತದೆ. ಆದರೆ ಸೇವ್ ಮಾಡದ ಬರಹವನ್ನೂ ಅದು ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತದೆ, ಮತ್ತೆ ತೆರೆದಾಗ ಸಾಮಾನ್ಯವಾಗಿ ಸಿಗುತ್ತದೆ. ಫೈಲ್ ಮೆನುವಿನಲ್ಲಿ ಆಟೋ ಸೇವ್ ಆನ್ ಮಾಡಿಕೊಂಡರೆ ಇನ್ನೂ ಒಳ್ಳೇದು. ಎಕ್ಲಿಪ್ಸ್‌ನಲ್ಲಿ ನೀವೇ ಕಂಟ್ರೋಲ್+ಎಸ್ ಒತ್ತಬೇಕು. ಪ್ರಿಫರೆನ್ಸಸ್‌ನಲ್ಲಿ ಎಡಿಟರ್ಸ್ ಕೆಳಗೆ ಆಟೋಸೇವ್ ಇದೆ, ಹೊಸದಾಗಿ ಹಾಕಿದ ದಿನವೇ ಆನ್ ಮಾಡಿ. ನನ್ನ ಕೈ ಈಗಲೂ ಪ್ರತಿ ಸಾಲಿನ ಕೊನೆಗೆ ಕಂಟ್ರೋಲ್+ಎಸ್ ಒತ್ತುತ್ತದೆ. ಅದು ಎಕ್ಲಿಪ್ಸ್ ಮತ್ತು ಮುಂಗಾರು ಸೇರಿ ಕಲಿಸಿದ ಚಾಳಿ.

ಹಳೆಯ ಕೀಗಳನ್ನೇ ಹೊತ್ತುಕೊಂಡು ಹೋಗಬಹುದಾ?

ಹೋಗಬಹುದು. ಇಂಟೆಲಿಜೆಗೆ ಎಕ್ಲಿಪ್ಸ್ ಕೀಮ್ಯಾಪ್ ಸಿಗುತ್ತದೆ. ವಿಎಸ್ ಕೋಡ್‌ಗೆ ಇಂಟೆಲಿಜೆಯದ್ದೂ ಎಕ್ಲಿಪ್ಸ್‌ನದ್ದೂ ಎಕ್ಸ್‌ಟೆನ್ಶನ್ ರೂಪದಲ್ಲಿ ಇವೆ. ನಾನು ಹೀಗೆ ಮಾಡಿದ್ದರೆ ಅಪ್ಪನ ಮುಂದೆ ಮರ್ಯಾದೆ ಉಳಿಯುತ್ತಿತ್ತು.

ಆದರೂ ಎಲ್ಲರಿಗೂ ಇದನ್ನು ಹೇಳುವುದಿಲ್ಲ. ಕೆಲಸದಲ್ಲಿ ಎಕ್ಲಿಪ್ಸ್, ಮನೆಯಲ್ಲಿ ಇಂಟೆಲಿಜೆ, ಹೀಗೆ ದಿನಾ ಎರಡೂ ಬಳಸುವವರಿದ್ದರೆ ಖಂಡಿತ ಒಂದೇ ಕೀಮ್ಯಾಪ್ ಇಟ್ಟುಕೊಳ್ಳಿ. ಡೀಬಗರ್‌ನ ಆ ಎಫ್8 ಅವಾಂತರ ತಪ್ಪುತ್ತದೆ. ಪೂರ್ತಿ ಬದಲಾಗುತ್ತಿದ್ದೀರಿ ಅಂದರೆ ಹೊಸ ಎಡಿಟರ್‌ನ ಸ್ವಂತ ಕೀಗಳನ್ನೇ ಕಲಿಯಿರಿ. ಎರಡು ವಾರ ಕಷ್ಟ ಆಗುತ್ತದೆ, ಅಷ್ಟೇ. ಸಹಾಯದ ಪುಟಗಳೆಲ್ಲ ಆ ಕೀಗಳನ್ನೇ ಹೇಳುತ್ತವೆ. ಆಫೀಸಿನವರು ಸ್ಕ್ರೀನ್ ಹಂಚಿಕೊಂಡು "ಆಲ್ಟ್+ಎಂಟರ್ ಒತ್ತಿ" ಅಂದಾಗ ನಿಮ್ಮದರಲ್ಲಿ ಬೇರೇನೋ ಆದರೆ ಪೇಚು. ಸಂದರ್ಶನದಲ್ಲಿ ಅವರ ಯಂತ್ರ ಕೊಟ್ಟರೆ ಇನ್ನೂ ಪೇಚು.

ಹಾಗಾದರೆ ಯಾರಿಗೆ ಯಾವುದು

ಓದು ಮುಗಿಸಿ ಬೆಂಗಳೂರು, ಮೈಸೂರು ಕಡೆ ಜಾವಾ ಕೆಲಸವೇ ಬೇಕು, ಯಂತ್ರ 8 ಜಿಬಿ ಅಥವಾ ಮೇಲಿದೆ: ಇಂಟೆಲಿಜೆ. ಎರಡನೇ ಯೋಚನೆ ಬೇಡ. ಕಾಲೇಜಿನಲ್ಲಿ ಜಾವಾ ಒಂದು ವಿಷಯ ಮಾತ್ರ, ಜೊತೆಗೆ ಪೈಥಾನ್, ವೆಬ್ ಎಲ್ಲ ಇದೆ: ವಿಎಸ್ ಕೋಡ್, ಒಂದೇ ಕೀಗಳು ಎಲ್ಲ ಕಡೆ ನಡೆಯುತ್ತವೆ. ನೀವು ಸೇರಿದ ತಂಡ ಎಕ್ಲಿಪ್ಸ್‌ನಲ್ಲಿದೆ: ಜಗಳ ಮಾಡದೆ ಎಕ್ಲಿಪ್ಸ್. ತಂಡದವರ ಕೀ ಗೊತ್ತಿರುವುದು ನಿಮ್ಮ ಇಷ್ಟಕ್ಕಿಂತ ದೊಡ್ಡದು. 4 ಜಿಬಿಯ ಹಳೆಯ ಯಂತ್ರ: ಎಕ್ಸ್‌ಟೆನ್ಶನ್ ಜಾಸ್ತಿ ಹಾಕದೆ ಎಕ್ಲಿಪ್ಸ್ ನೋಡಿ, ಬ್ರೌಸರ್ ಮುಚ್ಚಿಟ್ಟು ಕೆಲಸ ಮಾಡಿ.

ಇಷ್ಟಾದರೂ ಮನಸ್ಸು ತೂಗಾಡುತ್ತಿದ್ದರೆ ನಾನು ಹುಡುಗರಿಗೆ ಕೊಡುವ ಪರೀಕ್ಷೆ ಇದು. ಮೌಸ್ ತೆಗೆದು ಬ್ಯಾಗಿಗೆ ಹಾಕಿ. ಕೊಯ್ಲಿನವರ ಹೆಸರು, ತೂಕ, ದರ ಇರುವ ಒಂದು ಕ್ಲಾಸ್ ಮಾಡಿ. ಕನ್‌ಸ್ಟ್ರಕ್ಟರ್ ಮತ್ತು ಗೆಟರ್ ಎಡಿಟರ್ ಕೈಯಲ್ಲೇ ಬರೆಸಿ. ಕೂಲಿ ಲೆಕ್ಕ ಹಾಕುವ ಸಾಲುಗಳನ್ನು ಬೇರೆ ಮೆಥಡ್‌ಗೆ ಎತ್ತಿ. ಒಂದು ಹೆಸರು ಬದಲಿಸಿ. ಒಂದು ಬ್ರೇಕ್‌ಪಾಯಿಂಟ್ (ಡೀಬಗರ್ ಬಂದು ನಿಲ್ಲಬೇಕಾದ ಸಾಲು) ಇಟ್ಟು ಮೂರು ಹೆಜ್ಜೆ ನಡೆದು ನೋಡಿ. ಎರಡು ಎಡಿಟರ್‌ನಲ್ಲಿ ಅರ್ಧ ಅರ್ಧ ಗಂಟೆ. ಯಾವುದರಲ್ಲಿ ಬೆರಳು ಟಚ್‌ಪ್ಯಾಡ್ ಕಡೆ ಕಡಿಮೆ ಸಲ ಹೋಯಿತೋ ಅದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಅನ್‌ಇನ್‌ಸ್ಟಾಲ್ ಮಾಡಿ. ಪರೀಕ್ಷೆಗೆ ಕೂರುವ ಮೊದಲು ಆ ಇನ್‌ಸರ್ಟ್ ಕೀ ಮತ್ತು ಆಲ್ಟ್+ಶಿಫ್ಟ್ ಎರಡನ್ನೂ ಸರಿ ಮಾಡಿಕೊಂಡಿರಿ, ಇಲ್ಲದಿದ್ದರೆ ಎಡಿಟರ್‌ಗೆ ಅನ್ಯಾಯವಾಗಿ ಸೊನ್ನೆ ಬೀಳುತ್ತದೆ.